ರೋಜಕ್ಕ ರಾಣಿಯಾದದ್ದು

ಆ ದಿನ ಬಸ್ ಸ್ಟ್ಯಾಂಡಿನಲ್ಲಿ ನಾವು ನಾಲ್ಕು ಮಂದಿ ನಿಂತಿದ್ದೆವು. ನಮ್ಮ ನಾಟಕ ಕಮಿಟಿಯ ಅಧ್ಯಕ್ಷರು ಬಸಲಿಂಗಪ್ಪ ಸಾವಕಾರರು, ಕೈಯಲ್ಲಿ ಸೇವಂತಿಗೆ ಹಾರ ಹಿಡಿದು. ನೂಲಿಗೆ ಬಣ್ಣ ಹಾಕುವ ಗುರುಪಾದ ಕಾಕಾ, ಮೊಣಕೈತನಕ ಆ ವಾರದ ಹಸಿರು ಹತ್ತಿಸಿಕೊಂಡು. ನಾಟಕದ ಸೇನಾಪತಿ ಮಲ್ಲೇಶಿ, ಪಾವರ್‌ಲೂಮ್ ಬಂದ್ ಮಾಡಿ ಹಾಗೇ ಎದ್ದು ಬಂದವನು, ಹುಬ್ಬಿನ ಮೇಲೆಲ್ಲ ಅರಳೆಯ ಧೂಳು. ನಾಲ್ಕನೆಯವನು ನಾನು. ಜಮಖಂಡಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ, ಊರಲ್ಲಿ ನಾಟಕ ಕಮಿಟಿಯ ಕಾರ್ಯದರ್ಶಿಯಾಗಿದ್ದೆ. ಇಂಗ್ಲಿಷ್ ಕಲಿಸುವವನಿಗೆ ಪತ್ರ ಬರೆಯುವುದು, ಫೋನ್ ಮಾಡುವುದು ಚೆನ್ನಾಗಿ ಬರುತ್ತದೆ ಎಂಬುದು ನಮ್ಮೂರಿನ ನಂಬಿಕೆ.

ಮುಧೋಳದ ಬಸ್ಸು ಬಂದು ನಿಂತಿತು. ರೋಜಕ್ಕ ಇಳಿಯುವ ಮೊದಲು ಆಕೆಯ ದನಿ ಇಳಿಯಿತು. ಒಳಗೆ ಕಂಡಕ್ಟರನ ಜೊತೆ ಟ್ರಂಕಿನ ಸಲುವಾಗಿ ವಾದ ನಡೆದಿತ್ತು.

"ತಮ್ಮಾ, ಇದರಾಗ ರಾಣೀ ಕಿರೀಟ ಐತಿ. ಟಪ್ಪಿನ ಮ್ಯಾಲಿಂದ ಒಗದಿ ಅಂದ್ರ ರಾಜ್ಯ ಹೊಕ್ಕೈತಿ. ಸಾವಕಾಶ ಇಳಸು."

ಬಸ್ ಸ್ಟ್ಯಾಂಡಿನ ಎದುರಿಗೇ ಸಾಲಾಗಿ ಪಾವರ್‌ಲೂಮಿನ ಶೆಡ್ಡುಗಳು. ನಲವತ್ತು ಮಗ್ಗ ಒಮ್ಮೆಲೇ ಖಡಖಡ ಅನ್ನುವಾಗ ನಮ್ಮಲ್ಲಿ ಪಕ್ಕದವನು ಕೂಗಿದರೂ ಕೇಳುವುದಿಲ್ಲ. ಆಕೆ ಕೂಗಿರಲಿಲ್ಲ, ಮಾತಾಡಿದ್ದಳು ಅಷ್ಟೆ. ಆ ಮಾತು ಮಗ್ಗಗಳ ಮೇಲಿಂದ ಹಾಯ್ದು ಬಂದು ನಮ್ಮ ಕಿವಿಯಲ್ಲಿ ಕೂತಿತು. ಆ ದನಿ ಕೇಳಿಯೇ ನಾನು ಫೋನಿನಲ್ಲಿ ಆಕೆಯನ್ನು ರಾಣಿ ಪಾತ್ರಕ್ಕೆ ಗೊತ್ತು ಮಾಡಿದ್ದು.

ಆಮೇಲೆ ದನಿಯ ಹಿಂದೆ ಆಕೆ ಇಳಿದಳು. ಎತ್ತರದ ಹೆಂಗಸು, ನಲವತ್ತರ ಆಚೀಚೆ. ಕರೀ ಬಣ್ಣ. ನಮ್ಮ ಕಡೆ ಬಿಸಿಲಿಗೆ ಬೆಂದವರ ಕರಿ ಅಲ್ಲ, ಅದರಾಚೆಯ ಮಿರಿಮಿರಿ ಕರಿ. ಗುಂಗುರು ಕೂದಲನ್ನು ಬಿಗಿದು ಕಟ್ಟಿ, ಮೇಲೆ ಒಂದು ಕೆಂಪು ಗುಲಾಬಿ. ಹಳಿಯಾಳದಾಚೆಯ ಕಾಡಿನ ಸಿದ್ದಿ ಜನ ಅಂತ ನಾನು ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ಅದೇ ಮೊದಲು.

ಸಾವಕಾರರ ಕೈಯಲ್ಲಿದ್ದ ಹಾರ ಅಲ್ಲೇ ಇತ್ತು. ರೋಜಕ್ಕ ನಮ್ಮನ್ನು ಒಬ್ಬೊಬ್ಬರನ್ನೇ ನೋಡಿ ಮುಂದೆ ಬಂದು ತಾನೇ ಕುತ್ತಿಗೆ ಬಾಗಿಸಿದಳು.

"ಹಾಕ್ರಿ ಸಾವಕಾರ್ರ. ಹೂವು ಬಾಡತಾವು."

ಇಲ್ಲಿ ನಮ್ಮ ಪದ್ಧತಿಯ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಊರವರೇ ಸೇರಿ ನಾಟಕ ಆಡುತ್ತಾರೆ. ರಾಜ, ಸೇನಾಪತಿ, ಖಳನಾಯಕ ಎಲ್ಲ ಊರಿನ ಗಂಡಸರು. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಸುಬಿನ ಕಲಾವಿದೆಯರನ್ನು ಕರೆಸುತ್ತೇವೆ. ನಾವು ಮೂರು ತಿಂಗಳು ತಾಲೀಮು ಮಾಡಿರುತ್ತೇವೆ, ಅವರು ಹಿಂದಿನ ದಿನ ಬಂದು ಒಂದೇ ತಾಲೀಮಿನಲ್ಲಿ ನಮ್ಮೆಲ್ಲರ ಮಾತನ್ನೂ ಬಾಯಿಪಾಠ ಮಾಡಿಬಿಡುತ್ತಾರೆ. ನಾಟಕದ ದಿನ ಅವರು ರಾಣಿಯೂ ಹೌದು, ಮಾತು ಮರೆತ ಗಂಡಸರಿಗೆ ಊರುಗೋಲೂ ಹೌದು. ಅಮಾವಾಸ್ಯೆಗೆ ನೇಕಾರರ ಮಗ್ಗ ನಿಲ್ಲುತ್ತವೆ, ಅದಕ್ಕೇ ವರ್ಷಕ್ಕೊಮ್ಮೆ ಆಡುವ ನಮ್ಮ ನಾಟಕ ಅಮಾವಾಸ್ಯೆಯ ಸಂಜೆಗೆ.

ಸಾವಕಾರರು ನನ್ನನ್ನು ಚಹಾದ ಅಂಗಡಿಯ ಹಿಂದೆ ಕರೆದೊಯ್ದರು.

"ಏನ್ ಮಾಸ್ತರ, ಫೋಟೋ ಕೇಳಲಿಲ್ಲೇನು?"

"ದನಿ ಕೇಳಿದ್ನಿರಿ."

"ಮಂದಿ ದನಿ ನೋಡಾಕ ಬರತಾರೇನು? ಈಗ ಹಿಂಗ ಮಾಡೂಣು. ದಾಸಿ ಪಾತ್ರಕ್ಕ ಬಂದಾಳಲ್ಲ ಇಲಕಲ್ಲಿನ ಹುಡುಗಿ, ಆಕಿ ರಾಣಿ ಆಗ್ಲಿ. ಈಕಿ ದಾಸಿ. ದಾಸಿಗಿ ಬಾಳ ಕಾಮಿಡಿ ಐತಿ, ಈಕಿಗಿ ಒಪ್ಪತೈತಿ."

ನಾನು ಹೌದು ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ಚಹಾ ಕಹಿಯಾಗುತ್ತದೆ.

ರೋಜಕ್ಕ ನಮ್ಮ ಮನೆಯಲ್ಲೇ ಇಳಿದುಕೊಂಡಳು. ನಮ್ಮ ಅವ್ವ ಆಕೆಯ ಎದುರಿಗೆ ರೊಟ್ಟಿ, ಬದನೆಕಾಯಿ ಪಲ್ಯ ಇಟ್ಟು, ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಅವ್ವನಿಗೆ ಸಂಕೋಚ ಎಂಬುದು ಗೊತ್ತಿರಲಿಲ್ಲ.

"ಇದೇನು ಬೇ ಇಷ್ಟು ಕಪ್ಪ? ಯಾವ ದೇಶದಾಕಿ ನೀನು?"

"ಹಳಿಯಾಳ ದೇಶದಾಕಿ, ಯವ್ವಾ. ನಮ್ಮ ಮುತ್ತಜ್ಜನ ಮುತ್ತಜ್ಜ ಹಡಗದಾಗ ಗೋವಾಕ ಬಂದಿದ್ನಂತ. ಟಿಕೀಟ ತಗಸಿದ್ದಿಲ್ಲ, ಹಿಡಕೊಂಡ ಬಂದಿದ್ರು. ಮಾರಿದ್ರು. ಆವಾ ಓಡಿ ಬಂದು ಕಾಡ ಸೇರಿದಾ. ಓಡಿದ್ದಕ್ಕ ನಾ ಇಲ್ಲಿ ನಿಮ್ಮ ರೊಟ್ಟಿ ತಿನ್ನಾಕತ್ತೇನಿ."

ಅವ್ವ ಇನ್ನೊಂದು ರೊಟ್ಟಿ ಹಾಕಿದಳು. ಅದು ಆಕೆಯ ಉತ್ತರ.

ಊಟವಾದ ಮೇಲೆ ಸಾವಕಾರರು ಬಂದರು. ಮಾತು ಸುತ್ತಿ ಬಳಸಿ ಸಕ್ಕರೆ ಕಾರ್ಖಾನೆ, ಮಳೆ, ಮುಧೋಳದ ರಸ್ತೆ ಎಲ್ಲ ಮುಗಿಸಿ ಕೊನೆಗೆ ದಾಸಿ ಪಾತ್ರಕ್ಕೆ ಬಂದಿತು. ರೋಜಕ್ಕ ಪೂರ್ತಿ ಕೇಳಿಸಿಕೊಂಡಳು. ಲೋಟದಲ್ಲಿ ಮೂರನೆಯ ಚಮಚ ಸಕ್ಕರೆ ಹಾಕಿ ಕಲಕಿದಳು.

"ಸಾವಕಾರ್ರ, ಇಪ್ಪತ್ತ ವರ್ಷ ಆತು ನಾ ಬಣ್ಣಾ ಹಚ್ಚಾಕತ್ತು. ಖರೆ ಹೇಳಬೇಕಂದ್ರ ಬಣ್ಣಾ ಹಚ್ಚದನ. ರಾಕ್ಷಸಿ ಮಾಡೇನಿ. ದೆವ್ವ ಮಾಡೇನಿ. ದಾಸಿ ಎಷ್ಟ ಮಾಡೇನೋ ದೇವ್ರಿಗೇ ಗೊತ್ತು. ಮ್ಯಾನೇಜರ ಅಂತಿದ್ದಾ, ಈಕಿ ಬಂದ ಮ್ಯಾಲ ನಮ್ಮ ಕಂಪನೀಗಿ ಕಾಡಿಗಿ ಖರ್ಚ ಉಳೀತು ಅಂತ. ನಗ್ತಿದ್ನಿ. ಆದ್ರ ವಿಂಗಿನಾಗ ನಿಂತು ದಿನಾ ರಾಣೀ ಮಾತ ಬಾಯಿಲೆ ಹೇಳಕೋತಿದ್ನಿ. ನಿಮ್ಮ ಮಾಸ್ತರ ಫೋನಿನ್ಯಾಗ 'ರಾಣಿ ಪಾತ್ರ' ಅಂದಾಗ ನಾ ಎರಡ ಸಲ ಕೇಳಿದ್ನಿ. ಎರಡನೇ ಸಲಾನೂ ರಾಣಿ ಅಂದ್ರು."

ನಾನು ನೆಲ ನೋಡುತ್ತಿದ್ದೆ.

"ಮೊದಲನೇ ಸೀನ್ ನನಗ ಕೊಡ್ರಿ. ಮಂದಿ ಬ್ಯಾಡ ಅಂದ್ರ ನಾನ ಇಳದ ಬಂದು ಆ ಹುಡುಗಿ ತಲಿ ಮ್ಯಾಲ ಕಿರೀಟ ಇಡತೀನಿ. ಮರುದಿನದ ಬಸ್ಸಿಗೆ ಹೋಗತೀನಿ."

ಸಾವಕಾರರು ಸಿಕ್ಕಿಕೊಂಡರು. ಮರ್ಯಾದಸ್ಥ ಮನುಷ್ಯ. ಗಲಾಟೆ ಮಾಡಿದ್ದರೆ ಬೇಡವೆನ್ನುತ್ತಿದ್ದರು, ಇಷ್ಟು ನಯವಾಗಿ ಕೇಳಿದವಳಿಗೆ ಏನೆಂದಾರು? "ಆತು, ಒಂದ ಸೀನು" ಅಂದರು. "ಆದ್ರ ಸಫೇತ ಬಡಕೋಬೇಕು." ಮುಖಕ್ಕೆ ಮೆತ್ತುವ ಬಿಳೀ ಬಣ್ಣಕ್ಕೆ ನಮ್ಮ ಕಡೆ ಸಫೇತ ಅನ್ನುತ್ತಾರೆ.

ಅವತ್ತು ಮಧ್ಯಾಹ್ನ ಆಕೆ ಮಲ್ಲೇಶಿಯ ಶೆಡ್ಡಿಗೆ ಹೋದಳು, ತನ್ನ ಸೇನಾಪತಿ ಎಂಥವನೆಂದು ನೋಡಬೇಕಂತೆ. ಅಲ್ಲಿ ಆಕೆಗೊಂದು ಚೋದ್ಯ ಕಂಡಿತು. ನಮ್ಮ ನೇಕಾರರಿಗೆ ಮಗ್ಗದ ಸಪ್ಪಳದಲ್ಲಿ ಮಾತು ಕೇಳುವುದಿಲ್ಲವಲ್ಲ, ಹಾಗಾಗಿ ಅವರು ದನಿಯನ್ನೇ ಬಿಟ್ಟುಬಿಟ್ಟಿದ್ದಾರೆ. ತುಟಿ ಆಡಿಸುತ್ತಾರೆ, ಎದುರಿನವನು ತುಟಿ ನೋಡಿ ತಿಳಿಯುತ್ತಾನೆ. ಶೆಡ್ಡಿನ ಈ ತುದಿಯಿಂದ ಆ ತುದಿಗೆ ಸಂಸಾರದ ಜಗಳವೇ ನಡೆದುಹೋಗುತ್ತದೆ, ಒಂದು ಸೊಲ್ಲೂ ಹೊರಬರುವುದಿಲ್ಲ. ರೋಜಕ್ಕ ಒಂದು ತಾಸು ಕೂತು ನೋಡಿದಳು. ಹೋಗುವಾಗ ಬಾಗಿಲಲ್ಲಿ ತಿರುಗಿ, ದನಿ ಇಲ್ಲದೆ ತುಟಿಯಿಂದ ಏನೋ ಅಂದಳು. ಇಡೀ ಶೆಡ್ಡು ನಕ್ಕಿತು. ಮಲ್ಲೇಶಿ ಮಾತ್ರ ಕೆಂಪಾದ. ಏನಂದಳು ಎಂದು ಕೇಳಿದರೆ, "ಸೇನಾಪತಿ ಲುಂಗಿ ಬಿಚ್ಚಾಕತ್ತೈತಿ ಅಂದ್ಳ್ರಿ," ಅಂದ.

ಮರುದಿನ, ಅಮಾವಾಸ್ಯೆಯ ಸಂಜೆ. ಶಾಲೆಯ ಬಯಲಿನಲ್ಲಿ ಪರದೆ ಕಟ್ಟಿತ್ತು. ಮೇಕಪ್ಪಿನ ಯಮನಪ್ಪ ಸಫೇತದ ಡಬ್ಬಿ ತೆರೆದು ಬೆರಳಲ್ಲಿ ಕಲಸುತ್ತ ರೋಜಕ್ಕನ ಎದುರು ಕೂತ. ಒಂದು ಗೀರು ಎಳೆದ. ಕರೀ ಗಲ್ಲದ ಮೇಲೆ ಅದು ಸುಣ್ಣ ಬಡಿದಂತೆ ಕಂಡಿತು. ಇನ್ನೊಂದು ಗೀರು ಎಳೆದ, ಇನ್ನೂ ಕೆಟ್ಟಿತು. "ಮೂರ ಕೋಟ್ ಬೇಕಾಕೈತಿ" ಅಂತ ಗೊಣಗಿದ.

ಹಿಂದೆ ನಿಂತು ನೋಡುತ್ತಿದ್ದ ಗುರುಪಾದ ಕಾಕಾ ಮುಂದೆ ಬಂದು ಆ ಡಬ್ಬಿ ಮುಚ್ಚಿದರು. ಕಾಕಾ ಇಡೀ ವರ್ಷದಲ್ಲಿ ಹತ್ತು ಮಾತು ಆಡುವವರಲ್ಲ, ಅವತ್ತೇ ಎಲ್ಲಾ ಖರ್ಚಾದವು.

"ಯಮನಪ್ಪ, ನಾ ಅರವತ್ತ ವರ್ಷ ನೂಲ ಅದ್ದೇನಿ. ಹಳದಿ ಒಂದ ಸಲ ಅದ್ದಿದ್ರ ಹಿಡೀತೈತಿ. ಕೆಂಪ ಎರಡ ಸಲ. ಕರೀ ಬಣ್ಣ ಖರೆ ಹಿಡೀಬೇಕಂದ್ರ ಏಳ ಸಲ ಅದ್ದಬೇಕು, ಏಳ ಸಲ ಒಣಗಸಬೇಕು. ಅವಸರ ಮಾಡಿದವನ ಕರಿ ಎರಡ ಒಗ್ಯಾಣಕ್ಕ ಬೂದಿ ಆಕೈತಿ. ದೇವ್ರು ಈಕಿನ್ನ ಅವಸರದಾಗ ಮಾಡಿಲ್ಲ. ನೀ ಅವಸರ ಮಾಡಿ ಕೆಡಸಬ್ಯಾಡ. ಒರಸು."

ಯಮನಪ್ಪ ಸಾವಕಾರರ ಮುಖ ನೋಡಿದ. ಸಾವಕಾರರು ನನ್ನ ಮುಖ ನೋಡಿದರು. ಈ ಸಲ ನಾನು ಬಾಯಿಬಿಟ್ಟೆ. "ಒರಸ್ರಿ" ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಆದರೆ ಯಮನಪ್ಪನೂ ಮೊದಲು ನೇಕಾರನೇ. ತುಟಿ ನೋಡಿ ತಿಳಿದುಕೊಂಡ.

ಪರದೆ ಎದ್ದಿತು. ರೋಜಕ್ಕ ತನ್ನದೇ ಮುಖದಲ್ಲಿ, ಕಾಡಿಗೆ ಮತ್ತು ಕುಂಕುಮ ಅಷ್ಟೇ ಹಚ್ಚಿಕೊಂಡು, ಕಿರೀಟ ಇಟ್ಟುಕೊಂಡು ಬಂದಳು. ಹಿಂದಿನಿಂದ ಒಬ್ಬ ಕೂಗಿದ.

"ಏ, ದಾಸಿ ಬಂದ್ಳಲೇ. ರಾಣಿ ಎಲ್ಲದಾಳ?"

ನಗು ಎದ್ದಿತು. ವಿಂಗಿನಲ್ಲಿ ಸಾವಕಾರರು ಇಲಕಲ್ಲಿನ ಹುಡುಗಿಯ ಕೈ ಹಿಡಿದು ಸಿದ್ಧ ಮಾಡಿಕೊಂಡರು. ರೋಜಕ್ಕ ನಡೆಯುತ್ತಿದ್ದವಳು ನಿಂತಳು. ಅವಸರವಿಲ್ಲದೆ ಆ ಕಡೆ ತಿರುಗಿದಳು. ಆಮೇಲೆ ಆ ದನಿ ಬಂದಿತು, ಮೈಕಿನ ಅಗತ್ಯವೇ ಇರಲಿಲ್ಲ.

"ಯಾರಲ್ಲಿ? ತನ್ನ ರಾಣಿಯನ್ನು ಗುರುತಿಸಲಾರದ ಆ ಪ್ರಜೆಯನ್ನು ಮುಂದೆ ಕರೆತನ್ನಿ. ದೃಷ್ಟಿದೋಷವಿದ್ದರೆ ಅರಮನೆಯ ವೈದ್ಯರು ನೋಡುತ್ತಾರೆ. ಬುದ್ಧಿದೋಷವಿದ್ದರೆ ನಾವೇ ನೋಡುತ್ತೇವೆ."

ಜನ ಖರೇನೇ ಅವನನ್ನು ಎತ್ತಿಕೊಂಡು ಬಂದು ಮುಂದಿನ ಜಮಖಾನದ ಮೇಲೆ ಕೂರಿಸಿದರು. ನಾಟಕ ಮುಗಿಯುವತನಕ ಅವನು ಅಲ್ಲೇ ಕೂತಿದ್ದ, ಪ್ರತಿ ಸೀನಿಗೂ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದವನೂ ಅವನೇ. ಸಾವಕಾರರು ಇಲಕಲ್ಲಿನ ಹುಡುಗಿಯ ಕೈ ಬಿಟ್ಟರು.

ಆದರೆ ಜನ ಇಂದಿಗೂ ನೆನೆಯುವುದು ಅದನ್ನಲ್ಲ, ಮಲ್ಲೇಶಿಯ ಮರೆವನ್ನು. ಎರಡನೆಯ ಅಂಕದ ಕೊನೆಗೆ ರಾಣಿ ಸಿಂಹಾಸನದ ಮೇಲೆ ಕೂತಿರುತ್ತಾಳೆ. ಸೇನಾಪತಿ ಮಂಡಿಯೂರಿ ಖಡ್ಗ ಎತ್ತಿ, "ಈ ಖಡ್ಗ ನಿಮ್ಮ ಪಾದಕ್ಕೆ, ಈ ಪ್ರಾಣ ನಿಮ್ಮ ನಾಡಿಗೆ" ಅನ್ನಬೇಕು. ಮಲ್ಲೇಶಿ ಮಂಡಿಯೂರಿದ, ಖಡ್ಗ ಎತ್ತಿದ. ಮುಂದೆ ಏನೂ ಇಲ್ಲ. ಪರದೆಯ ಹಿಂದಿನಿಂದ ಪುಸ್ತಕ ಹಿಡಿದು ನಾನು ಹೇಳಿಕೊಡುತ್ತಿದ್ದೇನೆ, ಹದಿನೈದು ವರ್ಷ ಮಗ್ಗದ ಪಕ್ಕ ನಿಂತ ಅವನ ಕಿವಿಗೆ ಅದು ಎಲ್ಲಿ ಕೇಳಬೇಕು?

ರೋಜಕ್ಕ ಹಿಂದಿನ ದಿನ ಮಧ್ಯಾಹ್ನ ಶೆಡ್ಡಿನಲ್ಲಿ ಕಲಿತ ವಿದ್ಯೆಯನ್ನು ತೆಗೆದಳು. ಮುಖ ಅಲ್ಲಾಡಿಸದೆ, ದನಿ ಇಲ್ಲದೆ, ತುಟಿ ಮಾತ್ರ ಆಡಿಸಿ ಆ ಮಾತನ್ನು ಅವನಿಗೆ ಹೇಳಿಕೊಟ್ಟಳು. ಬೇರೆ ಊರಾಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೂತವರೆಲ್ಲ ನೇಕಾರರು ಎಂಬುದನ್ನು ಆಕೆ ಮರೆತಿದ್ದಳು. ರಾಣಿಯ ತುಟಿ ಆಡಿದ್ದನ್ನು ಬಯಲಿಗೆ ಬಯಲೇ ಓದಿತು. ಮಲ್ಲೇಶಿಗಿಂತ ಮೊದಲು ಗಂಡಸರು, ಹೆಂಗಸರು, ಮುದುಕರು ಎಲ್ಲರೂ ಒಂದೇ ದನಿಯಲ್ಲಿ ಗುಡುಗಿದರು.

"ಈ ಖಡ್ಗ ನಿಮ್ಮ ಪಾದಕ್ಕೆ, ಈ ಪ್ರಾಣ ನಿಮ್ಮ ನಾಡಿಗೆ."

ಅಷ್ಟು ಮಂದಿ ಕೂಗಿದ ಮೇಲೆ ಮಲ್ಲೇಶಿಗೂ ಕೇಳಿಸಿತು. ಅವನೂ ಹೇಳಿದ. ರಾಣಿ ಎದ್ದು ನಿಂತು ಬಯಲನ್ನೆಲ್ಲ ಒಮ್ಮೆ ನೋಡಿದಳು.

"ಸೇನಾಪತಿ, ನಿನ್ನ ಸೈನ್ಯ ನಿನಗಿಂತ ಒಂದು ಹೆಜ್ಜೆ ಮುಂದಿದೆ. ನಾಡಿಗೆ ಭಯವಿಲ್ಲ."

ಈ ಮಾತು ಪುಸ್ತಕದಲ್ಲಿ ಇರಲಿಲ್ಲ. ಮರುವರ್ಷದಿಂದ ನಾನೇ ಪೆನ್ನಿನಿಂದ ಬರೆದು ಸೇರಿಸಿದೆ.

ನಾಟಕದ ನಡುವೆ ಕಲಾವಿದರಿಗೆ ಆಯೇರಿ ಮಾಡುವುದು ನಮ್ಮಲ್ಲಿ ರೂಢಿ. ಆ ದಿನ ಗುರುಪಾದ ಕಾಕಾ ವೇದಿಕೆ ಹತ್ತಿ ಒಂದು ಚಂದ್ರಕಾಳಿ ಸೀರೆ ಕೊಟ್ಟರು. ಕರೀ ಒಡಲು, ಕೆಂಪು ಅಂಚು. ತಮ್ಮ ಮಗಳಿಗೆಂದು ಸಂಕ್ರಾಂತಿಗೆ ನೇಯಿಸಿಟ್ಟದ್ದು. ರೋಜಕ್ಕ ಅದನ್ನು ಕಣ್ಣಿಗೆ ಒತ್ತಿಕೊಂಡು, "ಏಳ ಸಲ ಅದ್ದೀರೇನ್ ಕಾಕಾ?" ಅಂತ ಕೇಳಿದಳು. ಕಾಕಾ ಎಂಟು ಅಂತ ಬೆರಳು ತೋರಿಸಿದರು. ಅವರ ಮಾತಿನ ಖಾತೆ ಅಷ್ಟರಲ್ಲಿ ಮುಗಿದಿತ್ತು.

ಆಮೇಲೆ ಪ್ರತಿ ವರ್ಷ ನಮ್ಮ ರಾಣಿ ರೋಜಕ್ಕನೇ. ಮಲ್ಲೇಶಿ ಪ್ರತಿ ವರ್ಷ ಅದೇ ಜಾಗದಲ್ಲಿ ಮರೆಯುತ್ತಿದ್ದ, ರೋಜಕ್ಕ ತುಟಿ ಆಡಿಸುತ್ತಿದ್ದಳು, ಊರು ಗುಡುಗುತ್ತಿತ್ತು. ಖರೇ ಮರೆಯುತ್ತಾನೋ, ಬೇಕಂತಲೇ ಮರೆಯುತ್ತಾನೋ ಎಂದು ಅವನ ಹೆಂಡತಿಗೂ ಗೊತ್ತಿಲ್ಲ. ನಾಲ್ಕೈದು ವರ್ಷಕ್ಕೆ ಆಕೆ ಊರೂರು ತಿರುಗುವುದನ್ನು ಬಿಟ್ಟು ನಮ್ಮ ಓಣಿಯಲ್ಲೇ ಎರಡು ಖೋಲಿಯ ಮನೆ ಹಿಡಿದಳು. ಸಂಜೆ ಹುಡುಗಿಯರಿಗೆ ಹಾಡು, ಮಾತು ಕಲಿಸುವುದು, ಹಗಲು ಓಣಿಯ ಜಗಳ ಬಿಡಿಸುವುದು.

ಆ ಮನೆಯ ಒಂದು ಗೋಡೆ ತುಂಬ ಚಿತ್ರಗಳು. ಪೇಪರಿನಿಂದ, ಹಳೇ ಕ್ಯಾಲೆಂಡರಿನಿಂದ ಕತ್ತರಿಸಿ ಅಂಟಿಸಿದವು. ಎಲ್ಲವೂ ಪರದೇಶದ ಕರೀ ಹೆಣ್ಣುಮಕ್ಕಳವು. ಒಬ್ಬಳು ಹಾಡುವವಳು, ಒಬ್ಬಳು ಟಿವಿಯಲ್ಲಿ ಮಾತಾಡಿಸುವವಳು, ಒಬ್ಬಳು ಓಟಗಾರ್ತಿ, ಒಬ್ಬಳು ನ್ಯಾಯಾಧೀಶೆ, ಸಿನಿಮಾದವರಂತೂ ಅದೆಷ್ಟೋ. ಭಾನುವಾರ ನಾನು ಹೋದೆನೆಂದರೆ ಇಂಗ್ಲಿಷ್ ಪೇಪರಿನ ತುಣುಕು ಸಿದ್ಧವಾಗಿರುತ್ತಿತ್ತು.

"ಸರ್ರ, ಈಕಿ ಏನ್ ಮಾಡ್ಯಾಳ ಓದ್ರಿ. ಸಣ್ಣ ಅಕ್ಷರ ಬಿಡಬ್ಯಾಡ್ರಿ."

ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಈಕೆ ದೊಡ್ಡ ನಟಿ. ದೊಡ್ಡ ಬಹುಮಾನ ಬಂದಿದೆ. ಮೊದಮೊದಲು ಮಾತ್ರ ಈಕೆಗೆ ಮನೆಗೆಲಸದವಳ ಪಾತ್ರ ಬಿಟ್ಟರೆ ಬೇರೆ ಕೊಡುತ್ತಿರಲಿಲ್ಲವಂತೆ.

"ಅಲ್ಲೂ ದಾಸಿನ?" ಅಂತ ರೋಜಕ್ಕ ತೊಡೆ ಬಡಿದು ನಗುತ್ತಿದ್ದಳು. "ನೋಡ್ರಿ, ಹಡಗ ಬ್ಯಾರೆ ಬ್ಯಾರೆ, ಕಂಪನಿ ಒಂದ. ಮುಂದ? ರಾಣಿ ಯಾವಾಗ ಆದ್ಳು ಅದನ್ನ ಓದ್ರಿ."

ನಾನು ರಾಣಿಯಾದ ಕಡೆಗೆ ಬರುವತನಕ ಚಹಾ ಸಿಗುತ್ತಿರಲಿಲ್ಲ. ಒಂದು ಸಲ ಒಬ್ಬಾಕೆಯ ಬಗ್ಗೆ ಪೇಪರಿನಲ್ಲಿ ಅಷ್ಟು ಬರೆದಿರಲೇ ಇಲ್ಲ, ಚಹಾದ ಆಸೆಗೆ ನಾನೇ ಆಕೆಗೊಂದು ರಾಣಿ ಪಾತ್ರ ಕೊಟ್ಟೆ. ರೋಜಕ್ಕ ನನ್ನ ತುಟಿಯನ್ನೇ ನೋಡುತ್ತಿದ್ದಳು. "ಇದು ಪೇಪರಿನ್ಯಾಂದಲ್ಲ" ಅಂದಳು. ಆದರೂ ಚಹಾ ಕೊಟ್ಟಳು.

ಅವ್ವ ಆ ಗೋಡೆಯವರೆಲ್ಲ ರೋಜಕ್ಕನ ಬಳಗವೆಂದೇ ತಿಳಿದಿದ್ದಳು. ಟಿವಿಯಲ್ಲಿ ಯಾರಾದರೂ ಕರೀ ಹೆಣ್ಣುಮಗಳು ಹಾಡಿದರೆ ಓಣಿಯಾಚೆಗೆ ಕೂಗುತ್ತಿದ್ದಳು. "ರೋಜಾ, ನಿಮ್ಮ ಕಾಕಾನ ಮಗಳ ಬಂದಾಳ ಬಾ. ಇವತ್ತ ಎಂಥಾ ಅಂಗಿ ಹಾಕ್ಕೊಂಡಾಳ ನೋಡಬಾ, ಥಂಡಿ ಹತ್ತತೈತಿ ಆಕಿಗಿ." ರೋಜಕ್ಕ ಓಡಿ ಬಂದು, "ಹೇಳತೀನಿ ಯವ್ವಾ, ಫೋನ್ ಮಾಡಿದಾಗ" ಅನ್ನುತ್ತಿದ್ದಳು. ಅವ್ವ ಸಾಯುವತನಕ ಆ ನಂಬಿಕೆಗೆ ಧಕ್ಕೆ ಬರಲಿಲ್ಲ.

ಪಂಚಾಯತಿ ಚುನಾವಣೆ ಬಂತು. ನಮ್ಮ ಓಣಿಯದು ಮಹಿಳೆಯರ ಸೀಟು. ಓಣಿಯ ಹೆಂಗಸರು ರೋಜಕ್ಕನನ್ನು ನಿಲ್ಲಿಸಿದರು. ಎದುರಿಗೆ ನಿಂತವರು ಹೊರಗಿನಾಕೆ, ನಾಟಕದಾಕೆ ಅಂತ ಪ್ರಚಾರ ಮಾಡಿದರು. ರೋಜಕ್ಕ ಚಂದ್ರಕಾಳಿ ಉಟ್ಟು ಮನೆಮನೆಗೆ ಹೋಗಿ ಒಂದೇ ಮಾತು ಹೇಳಿದಳು.

"ನಾಟಕದಾಗ ರಾಣಿ ಮಾಡೀರಿ. ಇಲ್ಲಿ ದಾಸಿ ಪಾತ್ರ ಕೊಡ್ರಿ. ಅದು ನನಗ ಇಪ್ಪತ್ತ ವರ್ಷದ ರೂಢಿ, ತಾಲೀಮ ಬ್ಯಾಡ."

ಆರಿಸಿ ಬಂದಳು. ಮೊದಲನೆಯ ಸಭೆಗೆ ಮೇಲಿನಿಂದ ಒಬ್ಬ ಸಾಹೇಬರು ಬಂದಿದ್ದರು. ರೋಜಕ್ಕ ನಮ್ಮ ಓಣಿಯ ನಳದ ವಿಷಯ ಎತ್ತಿದಳು. ಸಾಹೇಬರು ದೂರದ ಕುರ್ಚಿಯಲ್ಲಿ ಕೂತು ಪಕ್ಕದವರ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ರೋಜಕ್ಕ ಅಲ್ಲಿಂದಲೇ ಅಂದಳು.

"ಮುಗಸ್ತೀನ್ರಿ ಸಾಹೇಬ್ರ, ಲಗೂನ ಮುಗಸ್ತೀನಿ. ನಿಮಗ ಹಸಿವಿ ಆಗೈತಿ ಅಂತ ಈಗ ಅಂದ್ರಲ್ಲ, ಊಟ ನಮ್ಮ ಮನ್ಯಾಗ. ಜ್ವಾಳದ ರೊಟ್ಟಿ ನಡೀತಾವಲ್ಲ? ಅದಕ್ಕಿಂತ ಮೊದಲ ಈ ಕಾಗದಕ್ಕ ಒಂದ ಸಹಿ."

ಸಾಹೇಬರು ಬಾಯಿ ಮೇಲೆ ಕೈ ಇಟ್ಟುಕೊಂಡರು, ತೆಗೆಯಲೇ ಇಲ್ಲ. ಸಹಿ ಎಡಗೈಯಿಂದ ಮಾಡಿದರೆಂದು ಮಲ್ಲೇಶಿ ಹೇಳುತ್ತಾನೆ, ಅದು ಅವನು ಸೇರಿಸಿದ್ದು. ನಳ ಬಂದದ್ದು ಮಾತ್ರ ಖರೆ. ಅದರ ನೀರಿನಲ್ಲೇ ನಾನು ಈಗಲೂ ಮುಖ ತೊಳೆಯುವುದು.

ನಂತರ ಆಕೆಯ ಗಂಟಲಿಗೆ ಬೇನೆ ಬಂತು. ದೊಡ್ಡ ಆಸ್ಪತ್ರೆಯಲ್ಲಿ ಕೊಯ್ದರು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ನೋಡಲು ನಾನು, ಮಲ್ಲೇಶಿ ಹೋದೆವು. ಒಂದು ವಾರದಿಂದ ಆಕೆ ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದಳಂತೆ, ಸಿಸ್ಟರುಗಳಿಗೆ ಓದಿ ಓದಿ ಬೇಸರವಾಗಿತ್ತು. ಮಲ್ಲೇಶಿ ಕಂಡ ಕೂಡಲೇ ಪಾಟಿಯನ್ನು ಹಾಸಿಗೆಯ ಕೆಳಗೆ ಒಗೆದಳು. ತುಟಿ ಆಡತೊಡಗಿತು. ಮಲ್ಲೇಶಿ ತುಟಿಯಿಂದಲೇ ಉತ್ತರ ಕೊಟ್ಟ. ಅರ್ಧ ತಾಸು ಇಬ್ಬರೂ ಒಂದು ಸಪ್ಪಳವಿಲ್ಲದೆ ಊರ ಸುದ್ದಿಯನ್ನೆಲ್ಲ ಹರಟಿದರು, ಹೊಟ್ಟೆ ಹಿಡಿದು ನಕ್ಕರು. ಸಿಸ್ಟರು ಬಾಗಿಲಲ್ಲಿ ನಿಂತು ನೋಡಿ ನನ್ನನ್ನು ಕೇಳಿದಳು, "ಅವ್ರೂ ಮೂಕರೇನ್ರಿ?"

ತವರಿನವರು ಕರೆಯಲು ಬಂದಿದ್ದರು. ರೋಜಕ್ಕ ಹೋಗಲಿಲ್ಲ. "ಅಲ್ಲಿ ನನ್ನ ಮಾತ ಯಾರಿಗೂ ಕೇಳಸಂಗಿಲ್ಲ," ಅಂತ ತುಟಿಯಿಂದ ಹೇಳಿದಳು. ಅಷ್ಟು ವರ್ಷದಲ್ಲಿ ನಾನೂ ತುಟಿ ಓದಲು ಕಲಿತಿದ್ದೆ, ಅದನ್ನು ಅವಳಣ್ಣನಿಗೆ ದನಿಯಿಂದ ಹೇಳಿದೆ. ಅವನು ತಂಗಿಯ ಮುಖ ನೋಡಿ ಹೊರಟುಹೋದ.

ಪಂಚಾಯತಿಯ ಸಭೆಗೂ ಬಂದಳು. ಎದ್ದು ನಿಂತು, ಮೈಕ್ ಹಿಡಿದು, ಹತ್ತು ನಿಮಿಷ ಮಾತಾಡಿದಳು. ಊರವರು ತಲೆಯಾಡಿಸಿದರು, ನಡುವೆ ಒಂದು ಸಲ ಜೋರಾಗಿ ನಕ್ಕರು. ಹೊಸದಾಗಿ ಬಂದಿದ್ದ ಸಾಹೇಬರು ಮೈಕ್ ಇಸಿದುಕೊಂಡು ಬಡಿದು ನೋಡಿದರು, ವಾಯರ್ ಎಳೆದು ನೋಡಿದರು. ಮಲ್ಲೇಶಿ ಎದ್ದು ಹೇಳಿದ.

"ಮೈಕ್ ಬರಾಬ್ಬರಿ ಐತ್ರಿ ಸಾಹೇಬ್ರ. ನಿಮ್ಮ ಕಿವಿ ಊರಿಗೆ ಹೊಸಾವು."

ಆ ವರ್ಷದ ಅಮಾವಾಸ್ಯೆಗೆ ರಾಣಿ ಯಾರೆಂಬ ಮಾತೇ ಎತ್ತಲಿಲ್ಲ ಕಮಿಟಿ. ರೋಜಕ್ಕ ಕಿರೀಟ ಇಟ್ಟುಕೊಂಡು ಬಂದಳು, ದನಿ ಇಲ್ಲದೆ ಇಡೀ ನಾಟಕ ಆಡಿದಳು. ಜಮಖಂಡಿಯಿಂದ, ಸಾವಳಗಿಯಿಂದ ಬಂದಿದ್ದ ಬೀಗರು ಮಾತ್ರ ಪಕ್ಕದವರಿಗೆ "ಏನಂದ್ಳು, ಏನಂದ್ಳು" ಅಂತ ಕೇಳುತ್ತಿದ್ದರು. ಮಲ್ಲೇಶಿ ಮರೆತ. ರಾಣಿ ತುಟಿ ಆಡಿಸಿದಳು. ಊರು ಗುಡುಗಿತು.

ನಾನು ಆಕೆಯನ್ನು ಕಡೆಯ ಸಲ ಕಂಡದ್ದು ಚಳಿಗಾಲದ ಒಂದು ಭಾನುವಾರ. ಬೇನೆ ಮರಳಿ ಬಂದಿತ್ತು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಪೇಪರಿನ ಒಂದು ತುಣುಕು ಒಯ್ದಿದ್ದೆ. ಓದಿದೆ. ಸಣ್ಣ ಅಕ್ಷರ ಬಿಡಲಿಲ್ಲ, ರಾಣಿಯಾದದ್ದೂ ಅದರಲ್ಲಿ ನಿಜವಾಗಿ ಬರೆದಿತ್ತು. ತಲೆಯಾಡಿಸಿದಳು. ಚಹಾ ನಾನೇ ಮಾಡಿದೆ, ಮೂರು ಚಮಚ ಸಕ್ಕರೆ ಹಾಕಿ. ಆಮೇಲೆ ಆಕೆ ತುಟಿ ಆಡಿಸಿದಳು.

"ಬರೂ ವರ್ಷ ರಾಣಿ ಯಾರು?"

ನಾನು ಪೇಪರಿನ ತುಣುಕು ಮಡಚಿದೆ. ಆಕೆಯೇ ಮುಂದುವರಿಸಿದಳು.

"ಯಾರರೆ ಆಗ್ಲಿ ಸರ್ರ. ಆಕೀದ ಮಾರಿ ಇರ್ಲಿ, ಮ್ಯಾಲ ಸಫೇತ ಬ್ಯಾಡ."

ಹದಿನೈದು ದಿನಕ್ಕೆ ಹೋದಳು. ಗುರುಪಾದ ಕಾಕಾನ ಚಂದ್ರಕಾಳಿ ಉಡಿಸಿ ಆಕೆಯ ಊರಿಗೆ ಒಯ್ದೆವು. ಅಲ್ಲಿ ಅವರ ಜನ ತಮ್ಮ ಚರ್ಮವಾದ್ಯ ಡಮಾಮಿ ಬಾರಿಸಿದರು.

ಮುಂದಿನ ವರ್ಷದ ಅಮಾವಾಸ್ಯೆಗೆ ನಾಟಕ ಆಯಿತು. ರಾಣಿ ಪಾತ್ರಕ್ಕೆ ಬಂದವಳು ಅದೇ ಇಲಕಲ್ಲಿನ ಹುಡುಗಿ, ಈಗ ಎರಡು ಮಕ್ಕಳ ತಾಯಿ. ಬಣ್ಣ ಕಪ್ಪಾಗಿಲ್ಲ, ಬೆಳ್ಳಗೂ ಇಲ್ಲ. ಸಫೇತ ಎಲ್ಲಿ ಅಂತ ಕೇಳಿದಳು. ಡಬ್ಬಿ ಮನೆಯಲ್ಲೇ ಬಿಟ್ಟು ಬಂದಿದ್ದೇನೆ ಅಂತ ಯಮನಪ್ಪ ಹೇಳಿದ.

ಎರಡನೆಯ ಅಂಕದ ಕೊನೆಗೆ ಮಲ್ಲೇಶಿ ಮಂಡಿಯೂರಿ ಖಡ್ಗ ಎತ್ತಿದ, ಸಿಂಹಾಸನದ ಕಡೆ ನೋಡಿದ. ಮರೆತ. ಹೊಸ ರಾಣಿಗೆ ತುಟಿಮಾತು ಬರುತ್ತಿರಲಿಲ್ಲ. ಅವನು ತಿರುಗಿ ಜನರ ಕಡೆ ನೋಡಿದ.

ಬಯಲಿನಲ್ಲಿ ಯಾರೂ ಕೂಗಲಿಲ್ಲ. ಕೂತವರೆಲ್ಲ ದನಿ ಇಲ್ಲದೆ, ತುಟಿ ಮಾತ್ರ ಆಡಿಸಿ, ಆ ಮಾತನ್ನು ಅವನಿಗೆ ಹೇಳಿಕೊಟ್ಟರು. ಮಲ್ಲೇಶಿ ಓದಿಕೊಂಡ. ಆಮೇಲೆ ಹೇಳಿದ.